ಜರ್ಮನಿಯ ಹಬ್ಬಗಳು: ಇಲ್ಲಿಗೆ ಬರುವ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಸ್ಟುಟ್‌ಗಾರ್ಟ್ ಹತ್ತಿರದ ಒಂದು ಚಿಕ್ಕ ಊರಿನಲ್ಲಿದ್ದೇವೆ. ಓದಲು ಬರುವ ಹುಡುಗರು, ಕೆಲಸಕ್ಕೆ ಬರುವ ಗಂಡ ಹೆಂಡತಿ, ಮಗಳ ಮನೆಗೆ ಮೂರು ತಿಂಗಳು ಇರಲು ಬರುವ ಅಪ್ಪ ಅಮ್ಮ, ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಫೋನಿನಲ್ಲಿ ಹೇಳಿದ್ದನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ಜರ್ಮನಿಯ ಹಬ್ಬ ಅಂದರೆ ಅಕ್ಟೋಬರ್‌ಫೆಸ್ಟ್ ತಾನೇ?

ಅಲ್ಲ. ಅದು ದಕ್ಷಿಣದ ಮ್ಯೂನಿಕ್ ನಗರದ ಬಿಯರ್ ಜಾತ್ರೆ. ಉತ್ತರದ ಹ್ಯಾಂಬರ್ಗ್‌ನವರಿಗೆ ಅದು ಬೀದರಿನವರಿಗೆ ಮಡಿಕೇರಿ ದಸರಾ ಇದ್ದ ಹಾಗೆ. ಕೇಳಿರುತ್ತಾರೆ, ಟಿವಿಯಲ್ಲಿ ನೋಡಿರುತ್ತಾರೆ, ತಮ್ಮದು ಅನ್ನುವುದಿಲ್ಲ.

ಜರ್ಮನಿ ಒಂದು ದೇಶ ಆಗಿದ್ದೇ 1871ರಲ್ಲಿ. ಅದಕ್ಕೆ ಮುಂಚೆ ಹತ್ತಾರು ಸಂಸ್ಥಾನಗಳಿದ್ದವು. ಒಂದು ಕಡೆ ಕ್ಯಾಥೊಲಿಕ್ ದೊರೆ, ಪಕ್ಕದಲ್ಲೇ ಪ್ರಾಟೆಸ್ಟೆಂಟ್ ದೊರೆ. ಹಬ್ಬಗಳೂ ಹಾಗೇ ಹಂಚಿಹೋದವು. ಇವತ್ತಿಗೂ ಸರ್ಕಾರಿ ರಜೆ ರಾಜ್ಯಕ್ಕೊಂದು ಥರ. ಇಡೀ ದೇಶಕ್ಕೆ ಸೇರಿದ ರಜೆಗಳು 9 ಮಾತ್ರ, ಉಳಿದವು ಆಯಾ ರಾಜ್ಯದವು. ಆಗ್ಸ್‌ಬರ್ಗ್ ನಗರಕ್ಕಂತೂ ಅದರದೇ ಒಂದು ರಜೆ ಇದೆ, ಆಗಸ್ಟ್ 8ರ ಶಾಂತಿ ಹಬ್ಬ. ಈ ಎರಡು ಪಂಗಡದವರ ನಡುವೆ ಶುರುವಾದ ಮೂವತ್ತು ವರ್ಷಗಳ ಯುದ್ಧ ಮುಗಿದ ಮೇಲೆ, 1650ರಿಂದ ಆಚರಿಸುತ್ತಾ ಬಂದಿದ್ದಾರೆ. ಪಕ್ಕದ ಊರಿನಲ್ಲಿ ಆ ದಿನ ಎಂದಿನಂತೆ ಕೆಲಸ.

ಹಾಗಾಗಿ ಬಂದ ತಕ್ಷಣ ನೀವು ಕೇಳಬೇಕಾದ ಪ್ರಶ್ನೆ, "ನಾನಿರುವ ಊರಿನ ಹಬ್ಬ ಯಾವುದು?" ಅಂತ. ಊರಿನ ಪುರಸಭೆಯ ವೆಬ್‌ಸೈಟಿನಲ್ಲಿ ಪಟ್ಟಿ ಇರುತ್ತದೆ. ಬೇಕರಿಯ ಬಾಗಿಲಿಗೂ ಚೀಟಿ ಅಂಟಿಸಿರುತ್ತಾರೆ.

ಅಪ್ಪ ಅಮ್ಮನನ್ನು ಒಂದೇ ಸಲ ಕರೆಸಿಕೊಳ್ಳಬಹುದು. ಯಾವ ತಿಂಗಳು ಒಳ್ಳೇದು?

ಎಲ್ಲರೂ ಬೇಸಿಗೆ ಅನ್ನುತ್ತಾರೆ. ಹಬ್ಬ ನೋಡುವುದೇ ಆಸೆಯಾದರೆ ನಾನು ನವೆಂಬರ್ ಮೊದಲ ವಾರದಿಂದ ಡಿಸೆಂಬರ್ 20ರವರೆಗೆ ಅನ್ನುತ್ತೇನೆ. ಚಳಿ ಇರುತ್ತದೆ, ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ನಿಜ. ಆದರೆ ಮಕ್ಕಳ ಲಾಟೀನು ಮೆರವಣಿಗೆ, ಮಕ್ಕಳಿಗೆ ಸಿಹಿ ಹಂಚುವ ಡಿಸೆಂಬರ್ 6ರ ನಿಕೊಲೌಸ್ ದಿನ, ಕ್ರಿಸ್ಮಸ್ ಸಂತೆ ಮೂರೂ ಈ ಆರು ವಾರದಲ್ಲೇ ಬರುತ್ತವೆ. ಕತ್ತಲು ಇದೆ ಅಂತಲೇ ಈ ಹಬ್ಬಗಳಿಗೆ ಅಷ್ಟು ಬೆಳಕು. ಉಣ್ಣೆಯ ಒಳಉಡುಪು ಮತ್ತು ಒಳ್ಳೇ ಶೂ ಇಲ್ಲೇ ಕೊಡಿಸಿ. ಊರಿಂದ ತಂದ ಸ್ವೆಟರ್ ಸಾಲುವುದಿಲ್ಲ.

ಅಕ್ಟೋಬರ್‌ಫೆಸ್ಟ್‌ಗೆ ಟಿಕೆಟ್ ಎಷ್ಟು? ಅಕ್ಟೋಬರ್‌ನಲ್ಲಿ ಹೋದರೆ ಸಿಗುತ್ತದಾ?

ಮೈದಾನಕ್ಕೆ ಪ್ರವೇಶ ಉಚಿತ. ದೊಡ್ಡ ಡೇರೆಗಳ ಒಳಗೆ ಹೋಗುವುದಕ್ಕೂ ಟಿಕೆಟ್ ಇಲ್ಲ. ಆದರೆ ಬೆಂಚಿನ ಮೇಲೆ ಜಾಗ ಸಿಗದೆ ಬಿಯರ್ ಕೊಡುವುದಿಲ್ಲ. ಟೇಬಲ್ ಕಾಯ್ದಿರಿಸುವುದು ತಿಂಗಳುಗಟ್ಟಲೆ ಮೊದಲೇ ಮುಗಿದಿರುತ್ತದೆ. ವಾರದ ದಿನ, ಬೆಳಿಗ್ಗೆ ಹೋದರೆ ಸುಮ್ನೆ ನಡೆದು ಹೋಗಿ ಕೂರಬಹುದು. ಶನಿವಾರ ಮಾತ್ರ ಬೇಡ.

ಶುರುವಾಗುವುದು ಸೆಪ್ಟೆಂಬರ್ ಮಧ್ಯದ ನಂತರದ ಶನಿವಾರ, ಮುಗಿಯುವುದು ಅಕ್ಟೋಬರ್ ಮೊದಲ ವಾರದಲ್ಲಿ. ಅಕ್ಟೋಬರ್ 10ಕ್ಕೆ ಬಂದು ಖಾಲಿ ಮೈದಾನ ನೋಡಿ ಹೋದವರು ನನಗೇ ಗೊತ್ತು. ಹೆಸರು ಬಂದಿದ್ದು 1810ರ ಅಕ್ಟೋಬರ್‌ನಿಂದ. ಆಗ ಯುವರಾಜ ಲುಡ್ವಿಗ್ ಮತ್ತು ರಾಜಕುಮಾರಿ ತೆರೇಸೆ ಮದುವೆಗೆ ಊರಾಚೆಯ ಹುಲ್ಲುಗಾವಲಿನಲ್ಲಿ ಕುದುರೆ ಪಂದ್ಯ ನಡೆಯಿತು. ಮೈದಾನಕ್ಕೆ ಇಂದಿಗೂ ಆಕೆಯ ಹೆಸರೇ, ತೆರೇಸಿಯೆನ್‌ವೀಸೆ. ಮ್ಯೂನಿಕ್‌ನವರು ಹಬ್ಬವನ್ನೇ "ವೀಸ್ನ್" ಅನ್ನುತ್ತಾರೆ. ಚಳಿ ಬರುವ ಮುಂಚೆ ಮುಗಿಯಲಿ ಅಂತ ಆಮೇಲೆ ದಿನಗಳನ್ನು ಸೆಪ್ಟೆಂಬರಿಗೆ ಎಳೆದರು.

ಮೊದಲ ದಿನ ಮಧ್ಯಾಹ್ನ 12ಕ್ಕೆ ಮೇಯರ್ ಮರದ ಸುತ್ತಿಗೆಯಿಂದ ಪೀಪಾಯಿಗೆ ನಲ್ಲಿ ಹೊಡೆದು "ಓ ತ್ಸಾಪ್ಫ್ಟ್ ಇಸ್" ಅಂತ ಕೂಗುತ್ತಾರೆ. ಪೀಪಾಯಿ ತೆರೆದಾಯ್ತು ಅಂತ ಅರ್ಥ. ಆಮೇಲೇ ಎಲ್ಲರಿಗೂ ಬಿಯರ್. ಮ್ಯೂನಿಕ್‌ನ ಆರು ಬ್ರೂವರಿಗಳಿಗೆ ಮಾತ್ರ ಇಲ್ಲಿ ಬಿಯರ್ ಸುರಿಯುವ ಹಕ್ಕು. ಒಂದು ಮಗ್ ಅಂದರೆ ಒಂದು ಲೀಟರ್. ಖಾಲಿ ಮಗ್ಗೇ ಒಂದು ಕೆಜಿಗಿಂತ ಜಾಸ್ತಿ ತೂಗುತ್ತದೆ.

ನಾವು ಕುಡಿಯುವುದಿಲ್ಲ. ಮಕ್ಕಳೂ ಇದ್ದಾರೆ. ಹೋಗಬಹುದಾ?

ಖಂಡಿತ. ಡೇರೆಗಳ ಹೊರಗೆ ಅದು ನಮ್ಮ ಜಾತ್ರೆಯ ಹಾಗೇ. ಜೈಂಟ್ ವೀಲ್, ತೊಟ್ಟಿಲು, ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿ ಎಲ್ಲ ಇರುತ್ತದೆ. ಮಂಗಳವಾರ ಕುಟುಂಬದ ದಿನ, ಆಟಗಳಿಗೆ ರಿಯಾಯಿತಿ. ಮೈದಾನದ ದಕ್ಷಿಣ ತುದಿಯಲ್ಲಿ ಬಹುತೇಕ ವರ್ಷ "ಓಯ್ಡೆ ವೀಸ್ನ್" ಅಂದರೆ ಹಳೇ ಜಾತ್ರೆ ಇರುತ್ತದೆ. ಅದಕ್ಕೆ ಚಿಕ್ಕ ಟಿಕೆಟ್ ಇದೆ, ಹಳೇ ಕಾಲದ ತಿರುಗಣಿಗಳು, ಜಾನಪದ ಕುಣಿತ. ಅಪ್ಪ ಅಮ್ಮನ ಜೊತೆ ಹೋದರೆ ನಾನು ಅಲ್ಲಿಗೇ ಮೊದಲು ಕರೆದೊಯ್ಯುತ್ತೇನೆ. 6 ವರ್ಷಕ್ಕಿಂತ ಚಿಕ್ಕ ಮಕ್ಕಳು ರಾತ್ರಿ 8ರ ನಂತರ ಡೇರೆಯೊಳಗೆ ಇರುವಂತಿಲ್ಲ. ದೊಡ್ಡ ಬ್ಯಾಗ್ ಗೇಟಿನಲ್ಲೇ ತಡೆಯುತ್ತಾರೆ.

ಅವರ ಉಡುಪು ಹಾಕಲೇಬೇಕಾ?

ಬೇಡ. ಹಾಕಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಖುಷಿಪಡುತ್ತಾರೆ. ಹೆಣ್ಣುಮಕ್ಕಳ ಡಿರ್ನ್‌ಡ್ಲ್‌ಗೆ ಏಪ್ರನ್ ಇರುತ್ತದೆ. ಅದರ ಗಂಟು ನಿಮ್ಮ ಎಡಕ್ಕೆ ಇದ್ದರೆ ಮದುವೆ ಆಗಿಲ್ಲ, ಬಲಕ್ಕೆ ಇದ್ದರೆ ಜೊತೆಗಾರ ಇದ್ದಾನೆ ಅಂತ ಲೆಕ್ಕ. ಪ್ಲಾಸ್ಟಿಕ್ ಥರದ ಅಗ್ಗದ ಬಟ್ಟೆಗಿಂತ ನಿಮ್ಮದೇ ಒಂದು ಒಳ್ಳೇ ಸೀರೆ ಎಷ್ಟೋ ಚೆನ್ನ.

ಸ್ಟುಟ್‌ಗಾರ್ಟ್‌ನಲ್ಲಿ ಇರುವವರು ಮ್ಯೂನಿಕ್‌ಗೇ ಹೋಗಬೇಕಾ?

ಬೇಕಿಲ್ಲ. ನಮ್ಮಲ್ಲೇ ಕಾನ್‌ಸ್ಟಾಟ್ ಜಾತ್ರೆ ಇದೆ, ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಅದರ ಕಥೆ ನನಗೆ ಮ್ಯೂನಿಕ್‌ನ ಮದುವೆ ಕಥೆಗಿಂತ ಇಷ್ಟ.

1815ರ ಏಪ್ರಿಲ್‌ನಲ್ಲಿ ಈಗಿನ ಇಂಡೋನೇಷ್ಯಾದ ತಂಬೋರಾ ಬೆಟ್ಟ ಸಿಡಿಯಿತು. ಅದರ ಬೂದಿ, ಹೊಗೆ ಆಕಾಶ ಸೇರಿ ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಬೆಳೆ ಹೊಲದಲ್ಲೇ ಕೊಳೆಯಿತು. ಇಲ್ಲಿನ ವ್ಯೂರ್ಟೆಂಬರ್ಗ್ ಸಂಸ್ಥಾನದಲ್ಲಿ ಜನ ಹಸಿವಿನಿಂದ ಊರು ಬಿಟ್ಟು ಹೋದರು. 1817ರಲ್ಲಿ ಫಸಲು ಬಂದಾಗ ಮೊದಲ ಧಾನ್ಯದ ಗಾಡಿಗಳನ್ನು ಊರೂರಲ್ಲಿ ಹೂವು ಕಟ್ಟಿ, ಹಾಡು ಹೇಳಿ ಎದುರುಗೊಂಡರು. 1818ರಲ್ಲಿ ರಾಜ ಒಂದನೇ ವಿಲ್‌ಹೆಲ್ಮ್ ರೈತರಿಗಾಗಿ ಈ ಜಾತ್ರೆ ಶುರು ಮಾಡಿಸಿದ. ಒಳ್ಳೇ ದನಕ್ಕೆ, ಒಳ್ಳೇ ಕುದುರೆಗೆ ಬಹುಮಾನ ಕೊಟ್ಟರು. ಅದೇ ವರ್ಷ ಹೊಹೆನ್‌ಹೈಮ್‌ನಲ್ಲಿ ಬೇಸಾಯ ಕಲಿಸುವ ಶಾಲೆ ತೆರೆದ. ಇಂದು ಅದೇ ಹೊಹೆನ್‌ಹೈಮ್ ವಿಶ್ವವಿದ್ಯಾಲಯ.

ಈಗಲೂ ಮೈದಾನದ ನಡುವೆ ಹಣ್ಣು, ತರಕಾರಿ, ಕಾಳುಗಳಿಂದ ಸಿಂಗರಿಸಿದ ಎತ್ತರದ ಕಂಬ ನಿಲ್ಲಿಸುತ್ತಾರೆ. ಜನ ಅದರ ಪಕ್ಕದಲ್ಲೇ ಬಿಯರ್ ಕುಡಿಯಲು ಓಡುತ್ತಿರುತ್ತಾರೆ. ನೀವು ಐದು ನಿಮಿಷ ನಿಂತು ನೋಡಿ.

ಕಾರ್ನಿವಲ್ ಯಾವಾಗ? ನಮ್ಮ ಆಫೀಸಿನಲ್ಲಿ ಟೈ ಕತ್ತರಿಸುತ್ತಾರಂತೆ, ನಿಜವಾ?

ರೈನ್ ನದಿಯ ಕಡೆಯ ಊರುಗಳಾದರೆ ನಿಜ. ಕಲೋನ್, ಡ್ಯುಸೆಲ್ಡಾರ್ಫ್, ಮೈನ್ಟ್ಸ್ ಸುತ್ತಮುತ್ತ ಕಾರ್ನಿವಲ್ ಋತು ನವೆಂಬರ್ 11ರಂದು 11 ಗಂಟೆ 11 ನಿಮಿಷಕ್ಕೆ ಶುರು. ಆಮೇಲೆ ಕ್ರಿಸ್ಮಸ್ ಕಾಲದಲ್ಲಿ ತಣ್ಣಗಿದ್ದು, ಫೆಬ್ರವರಿ ಹೊತ್ತಿಗೆ ಮತ್ತೆ ಕಾವೇರುತ್ತದೆ. ಕೊನೆಯ ವಾರದ ಗುರುವಾರ ಹೆಂಗಸರ ದಿನ. ಕತ್ತರಿ ಹಿಡಿದು ಬಂದು ಗಂಡಸರ ಟೈ ಕತ್ತರಿಸುತ್ತಾರೆ, ಬದಲಿಗೆ ಕೆನ್ನೆಗೆ ಒಂದು ಮುತ್ತು. ಹಳೇ ಟೈ ಹಾಕಿಕೊಂಡು ಹೋಗಿ.

ದೊಡ್ಡ ಮೆರವಣಿಗೆ ಸೋಮವಾರ. ಈಸ್ಟರ್ ಭಾನುವಾರಕ್ಕೆ 48 ದಿನ ಮುಂಚೆ ಬರುತ್ತದೆ, ಅದರಿಂದ ತಾರೀಖು ಪ್ರತಿವರ್ಷ ಬದಲು. ಕಲೋನ್‌ನಲ್ಲಿ ಮೆರವಣಿಗೆ ಈ ರೂಪಕ್ಕೆ ಬಂದಿದ್ದು 1823ರಲ್ಲಿ. ತೇರಿನಂಥ ಗಾಡಿಗಳ ಮೇಲಿಂದ ಚಾಕೊಲೇಟ್, ಪೆಪ್ಪರ್‌ಮಿಂಟ್ ಮಳೆಯ ಹಾಗೆ ಬೀಳುತ್ತದೆ. "ಕಮೆಲ್ಲೆ!" ಅಂತ ಕೂಗಿದಷ್ಟೂ ಜಾಸ್ತಿ. ಅನುಭವಸ್ಥರು ಛತ್ರಿಯನ್ನು ತಲೆಕೆಳಗು ಹಿಡಿದು ನಿಂತಿರುತ್ತಾರೆ. ಜೈಕಾರ ಹಾಕುವಾಗ ಕಲೋನ್‌ನಲ್ಲಿ "ಅಲಾಫ್" ಅನ್ನಬೇಕು, ಡ್ಯುಸೆಲ್ಡಾರ್ಫ್ ಮತ್ತು ಮೈನ್ಟ್ಸ್‌ನಲ್ಲಿ "ಹೆಲಾವ್". ಅದಲು ಬದಲಾದರೆ ಪಕ್ಕದವರು ತಕ್ಷಣ ತಿದ್ದುತ್ತಾರೆ.

ಮಂಗಳವಾರ ಮಧ್ಯರಾತ್ರಿ ಕಲೋನ್‌ನ ಬೀದಿಗಳಲ್ಲಿ ನುಬ್ಬೆಲ್ ಅನ್ನುವ ಹುಲ್ಲಿನ ಬೊಂಬೆ ಸುಡುತ್ತಾರೆ. ನಮ್ಮ ದುಡ್ಡು ಖರ್ಚಾಗಿದ್ದು ಯಾರಿಂದ? ನುಬ್ಬೆಲ್‌ನಿಂದ. ನಾವು ಕುಡಿದಿದ್ದು ಯಾರ ತಪ್ಪು? ನುಬ್ಬೆಲ್ ತಪ್ಪು. ಕಾಮದಹನ ನೋಡಿ ಬೆಳೆದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ ಅಲ್ವಾ?

ನಮ್ಮ ನೈರುತ್ಯ ಭಾಗದಲ್ಲಿ ಇದೇ ಹಬ್ಬ ಬೇರೆ ಥರ, ಹೆಸರೂ ಬೇರೆ, "ಫಾಸ್‌ನೆಟ್". ಮರದಲ್ಲಿ ಕೆತ್ತಿದ ಮುಖವಾಡ, ಮೈ ತುಂಬ ಗಂಟೆ. ಮುಖವಾಡಗಳು ಮನೆತನದಲ್ಲಿ ಅಜ್ಜನಿಂದ ಮೊಮ್ಮಗನಿಗೆ ಬರುತ್ತವೆ. ರಾಟ್‌ವೈಲ್ ಪಟ್ಟಣದಲ್ಲಿ ಸೋಮವಾರ ಬೆಳಿಗ್ಗೆ 8ಕ್ಕೆ ಹಳೇ ಕೋಟೆ ಬಾಗಿಲಿನಿಂದ ವೇಷಗಳು ಕುಣಿಯುತ್ತಾ ಬರುತ್ತವೆ. ಚಳಿಯಲ್ಲಿ ಬೇಗ ಎದ್ದು ಹೋಗಿ. ಗಂಟೆಗಳ ಸದ್ದು ಮೊದಲು ಕೇಳುತ್ತದೆ, ಆಮೇಲೆ ಮುಖ ಕಾಣುತ್ತದೆ. ಮುಖವಾಡ ಮುಟ್ಟಲು, ಎಳೆಯಲು ಹೋಗಬೇಡಿ.

ಈಸ್ಟರ್ ಹೇಗಿರುತ್ತದೆ?

ಶಾಂತ. ಬಣ್ಣದ ಮೊಟ್ಟೆಗಳನ್ನು ಮನೆ ಮುಂದಿನ ಗಿಡಕ್ಕೆ ತೂಗುಹಾಕುತ್ತಾರೆ. ಪೂರ್ವದ ಬಾಟ್ಸೆನ್ ಪಟ್ಟಣದ ಸುತ್ತ ಸೋರ್ಬ್ ಅನ್ನುವ ಸ್ಲಾವ್ ಜನರಿದ್ದಾರೆ. ಅವರು ಮೊಟ್ಟೆಯ ಮೇಲೆ ಹಕ್ಕಿ ಗರಿಯ ತುದಿ, ಜೇನುಮೇಣ ಬಳಸಿ ಚಿತ್ತಾರ ಬಿಡಿಸುವುದನ್ನು ಸಾಧ್ಯವಾದರೆ ನೋಡಿ. ಶುಭ ಶುಕ್ರವಾರ ಬಹಳ ರಾಜ್ಯಗಳಲ್ಲಿ ಸಾರ್ವಜನಿಕ ಕುಣಿತಕ್ಕೆ ಕಾನೂನಿನಲ್ಲೇ ನಿಷೇಧ. ಅಂಗಡಿಗಳು ಶುಕ್ರವಾರ, ಭಾನುವಾರ, ಸೋಮವಾರ ಮುಚ್ಚಿರುತ್ತವೆ.

ಮೇ 1ಕ್ಕೆ ಊರ ನಡುವೆ ನಿಲ್ಲಿಸುವ ಕಂಬ ಏನು?

ಅದು ಮೇ ಕಂಬ, "ಮೈಬೌಮ್". ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಹೆಚ್ಚಾಗಿ ನೀಲಿ ಬಿಳಿ ಬಣ್ಣ, ಮೇಲೆ ಕಸುಬುಗಳ ಚಿಹ್ನೆ. ಕೆಲವು ಊರುಗಳಲ್ಲಿ ಇಂದಿಗೂ ಕ್ರೇನ್ ಇಲ್ಲದೆ, ಉದ್ದ ಗಳುಗಳಿಂದ ಇಂಚಿಂಚಾಗಿ ಎತ್ತುತ್ತಾರೆ. ನಿಲ್ಲಿಸುವ ಮುಂಚೆ ಪಕ್ಕದ ಊರಿನವರು ಕಂಬ ಕದಿಯಬಹುದು. ಕದ್ದರೆ ಪೊಲೀಸರಿಗೆ ದೂರು ಕೊಡುವುದು ಮರ್ಯಾದೆ ಅಲ್ಲ, ಬಿಯರ್ ಮತ್ತು ಊಟ ಕೊಟ್ಟು ಬಿಡಿಸಿಕೊಳ್ಳಬೇಕು. ರೈನ್ ಕಡೆ ಹುಡುಗರು ತಾವು ಮೆಚ್ಚಿದ ಹುಡುಗಿಯ ಮನೆ ಮುಂದೆ ಬಣ್ಣದ ಕಾಗದ ಕಟ್ಟಿದ ಬರ್ಚ್ ಮರ ನಿಲ್ಲಿಸುತ್ತಾರೆ. ಅಧಿಕ ವರ್ಷದಲ್ಲಿ ಆ ಸರದಿ ಹುಡುಗಿಯರದು.

ಊರ ಹಬ್ಬಕ್ಕೆ ಹೋದರೆ ಯಾರೂ ಮಾತಾಡಿಸುವುದಿಲ್ಲ. ಏನು ಮಾಡುವುದು?

ಕೆಲಸ ಕೇಳಿ. ಇದು ನಾನು ಕೊಡುವ ಎಲ್ಲ ಸಲಹೆಗಳಲ್ಲಿ ಮುಖ್ಯವಾದದ್ದು.

ಇಲ್ಲಿನ ಊರ ಹಬ್ಬಗಳನ್ನು ನಡೆಸುವುದು ಸರ್ಕಾರ ಅಲ್ಲ, "ಫೆರೈನ್" ಅನ್ನುವ ಸಂಘಗಳು. ಹಾಡುವವರ ಸಂಘ, ಫುಟ್‌ಬಾಲ್ ಸಂಘ, ತೋಟದವರ ಸಂಘ, ಜೊತೆಗೆ ಸಂಬಳವಿಲ್ಲದೆ ದುಡಿಯುವ ಅಗ್ನಿಶಾಮಕ ದಳದವರು. ಇಡೀ ದೇಶದಲ್ಲಿ ನೋಂದಾಯಿತ ಸಂಘಗಳೇ 6 ಲಕ್ಷಕ್ಕಿಂತ ಜಾಸ್ತಿ. ಬೆಂಚು ಹಾಕುವವರು, ಪಾತ್ರೆ ತೊಳೆಯುವವರು, ಸಾಸೇಜ್ ಸುಡುವವರು ಎಲ್ಲ ಊರಿನವರೇ.

ಎರಡು ವರ್ಷ ನಾವು ಬೀದಿ ಹಬ್ಬಕ್ಕೆ ಹೋಗಿ, ತಿಂದು, ನಗುತ್ತಾ ನಿಂತು ವಾಪಸ್ ಬಂದೆವು. ಮೂರನೇ ವರ್ಷ ಮಗುವಿನ ಬಾಲವಾಡಿಯ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ್ದರು. ಒಂದು ಸಾಲು ಕೇಕ್ ತರುವವರಿಗೆ, ಇನ್ನೊಂದು ಸಲಾಡ್ ತರುವವರಿಗೆ. ಕೇಕ್ ನನಗೆ ಬರುವುದಿಲ್ಲ. ಸಲಾಡ್ ಸಾಲಿನಲ್ಲಿ ಹೆಸರು ಬರೆದು, ಪಕ್ಕದಲ್ಲಿ "ಕೋಸಂಬರಿ" ಅಂತ ಬರೆದೆ. ಹೆಸರುಬೇಳೆ, ಸೌತೆಕಾಯಿ, ಕ್ಯಾರೆಟ್, ನಿಂಬೆಹಣ್ಣು, ಮೇಲೆ ಸಾಸಿವೆ ಒಗ್ಗರಣೆ. ಖಾರ ಹಾಕಲಿಲ್ಲ. ಮಧ್ಯಾಹ್ನ ಎರಡಕ್ಕೆ ಬೋಗುಣಿ ಖಾಲಿ. ಪಕ್ಕದ ಬೀದಿಯ ಅಜ್ಜಿಯೊಬ್ಬರು ಚಮಚದ ತುದಿಯಲ್ಲಿ ಒಂದು ಸಾಸಿವೆ ಕಾಳು ಹಿಡಿದು, "ಇದೇನು, ಹೀಗೆ ಸಿಡಿದಿದೆ?" ಅಂತ ಕೇಳಿದರು. ಆಮೇಲೆ ತಾವೇ ನನ್ನನ್ನು ಪಾತ್ರೆ ತೊಳೆಯುವ ಟೇಬಲ್‌ಗೆ ಕರೆದುಕೊಂಡು ಹೋಗಿ ಒಂದು ಟವೆಲ್ ಕೈಗಿಟ್ಟರು. ಆ ಸಂಜೆ ತಟ್ಟೆ ಒರೆಸುತ್ತಾ ಆಡಿದಷ್ಟು ಜರ್ಮನ್ ಮಾತನ್ನು ಅದಕ್ಕೂ ಮುಂಚಿನ ಎರಡು ವರ್ಷದಲ್ಲಿ ಆಡಿರಲಿಲ್ಲ. ಈಗಲೂ ಅವರಿಗೆ ಹೆಸರುಬೇಳೆ ಪೊಟ್ಟಣ ಕೊಟ್ಟು ಬರುತ್ತೇನೆ.

ಸಸ್ಯಾಹಾರಿಗಳಿಗೆ ಹಬ್ಬದಲ್ಲಿ ಏನು ಸಿಗುತ್ತದೆ?

ಮೊದಲಿಗಿಂತ ಈಗ ಎಷ್ಟೋ ವಾಸಿ. ಚೀಸ್ ಹಾಕಿದ ಶ್ಪೆಟ್ಸ್ಲೆ, ಅಂದರೆ ಮೊಟ್ಟೆ ಹಾಕಿ ಮಾಡಿದ ನೂಡಲ್ಸ್ ಥರದ್ದು, ಹೊಟ್ಟೆ ತುಂಬಿಸುತ್ತದೆ. ಆಲೂಗಡ್ಡೆ ತುರಿದು ಕರಿದ ಬಿಲ್ಲೆಗಳನ್ನು ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ, ತುಂಬ ಚೆನ್ನಾಗಿರುತ್ತದೆ. ಬೆಳ್ಳುಳ್ಳಿ ಸಾಸ್ ಹಾಕಿದ ಅಣಬೆ, ಗಂಟು ಹಾಕಿದಂತಿರುವ ಬ್ರೆಟ್ಸೆಲ್ ಬ್ರೆಡ್, ಹುರಿದ ಚೆಸ್ಟ್‌ನಟ್ ಕೂಡ ಇರುತ್ತವೆ. ಹುಷಾರಾಗಿರಬೇಕಾದ್ದು ಬೇರೆ ಕಡೆ. ನಮ್ಮ ಶ್ವಾಬಿಯ ಆಲೂಗಡ್ಡೆ ಸಲಾಡ್‌ಗೆ ಮಾಂಸದ ಸಾರು ಹಾಕುವುದು ವಾಡಿಕೆ. ಹುಳಿ ಎಲೆಕೋಸಿನಲ್ಲಿ ಹಂದಿ ಕೊಬ್ಬು ಇರಬಹುದು. ನೋಡಿದರೆ ಗೊತ್ತಾಗುವುದಿಲ್ಲ. "ಇಸ್ಟ್ ದಾಸ್ ವೆಗೆಟಾರಿಶ್?" ಅಂತ ಕೇಳಿ, ಅದರ ಜೊತೆಗೆ "ಓನೆ ಶ್ಪೆಕ್?" ಅಂತಲೂ ಕೇಳಿ. ಕೊಬ್ಬು ಹಾಕಿಲ್ಲವಾ ಅಂತ ಅರ್ಥ.

ಲಾಟೀನು ಮೆರವಣಿಗೆ ಅಂದಿರಿ. ಅದೇನು?

ನವೆಂಬರ್ 11, ಸಂತ ಮಾರ್ಟಿನ್ ದಿನ. ಮಾರ್ಟಿನ್ ನಾಲ್ಕನೇ ಶತಮಾನದ ರೋಮನ್ ಸೈನಿಕ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು ತನ್ನ ಮೇಲಂಗಿಯನ್ನು ಕತ್ತಿಯಿಂದ ಎರಡಾಗಿ ಸೀಳಿ ಅರ್ಧ ಕೊಟ್ಟನಂತೆ. ಅಷ್ಟೇ ಕಥೆ. ಮೂರು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಒಂದೆರಡು ವಾರ ಮುಂಚೆ ಮಕ್ಕಳು ಲಾಟೀನು ಮಾಡುತ್ತಾರೆ. ದುಂಡನೆಯ ಚೀಸ್ ಡಬ್ಬಿಯ ಮುಚ್ಚಳ ಮೇಲೊಂದು ಕೆಳಗೊಂದು, ನಡುವೆ ಬಣ್ಣದ ತೆಳು ಕಾಗದ, ತಂತಿಯ ಹಿಡಿ, ಕೋಲಿನ ತುದಿಗೆ ಪುಟ್ಟ ಬಲ್ಬು. ನನ್ನ ಮಗಳ ಮೊದಲ ಲಾಟೀನು ಮುಳ್ಳುಹಂದಿಯದು. ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು. ಸಂಜೆ ಐದಕ್ಕೆ ಎಲ್ಲರೂ ಬಾಲವಾಡಿ ಮುಂದೆ ಸೇರಿದೆವು. ಕೆಂಪು ಮೇಲಂಗಿ ಹೊದ್ದ ಸವಾರ ನಿಜವಾದ ಕುದುರೆ ಮೇಲೆ ಬಂದ. ಹಿಂದೆ ಮಕ್ಕಳ ಸಾಲು. ಬೀದಿ ದೀಪ ಇಲ್ಲದ ತೋಟದ ದಾರಿಯಲ್ಲಿ ನಡೆದೆವು. ಕತ್ತಲಲ್ಲಿ ಮಕ್ಕಳ ಮುಖ ಕಾಣುತ್ತಿರಲಿಲ್ಲ, ತೂಗಾಡುವ ಬಣ್ಣದ ಬೆಳಕು ಮತ್ತು ಹಾಡು ಮಾತ್ರ. ಕೊನೆಗೆ ದೊಡ್ಡ ಬೆಂಕಿ, ಸುತ್ತ ನಿಂತು ಹಿಟ್ಟಿನಿಂದ ಮಾಡಿದ ಗೊಂಬೆ ಬ್ರೆಡ್ ಹಂಚಿಕೊಂಡು ತಿನ್ನುವುದು. ಒಂದೇ ಬ್ರೆಡ್, ಇಬ್ಬರು ಮಕ್ಕಳು ಮುರಿದು ಅರ್ಧರ್ಧ. ಮಾರ್ಟಿನ್ ಮಾಡಿದ್ದೂ ಅದನ್ನೇ ಅಲ್ವಾ?

ಪ್ರವಾಸಿ ಪುಸ್ತಕಗಳು ಇದಕ್ಕೆ ಹೆಚ್ಚು ಜಾಗ ಕೊಡುವುದಿಲ್ಲ. ಮಕ್ಕಳಿಲ್ಲದವರೂ ನಡೆಯಬಹುದು.

ಕ್ರಿಸ್ಮಸ್ ಸಂತೆ ಯಾವ ಊರಿನದು ಒಳ್ಳೇದು?

ಹೆಸರು ಮಾಡಿದವು ಎರಡು. ಡ್ರೆಸ್ಡೆನ್‌ನ ಶ್ಟ್ರೀಟ್ಸೆಲ್‌ಮಾರ್ಕ್ಟ್ ದಾಖಲೆಯಲ್ಲಿ ಮೊದಲು ಕಾಣುವುದು 1434ರಲ್ಲಿ, ಅಲ್ಲಿನ ಶ್ಟೊಲನ್ ಕೇಕ್ ತಿನ್ನಲೇಬೇಕು. ನ್ಯೂರೆಂಬರ್ಗ್‌ನದನ್ನು ಕ್ರಿಸ್ಟ್‌ಕಿಂಡ್ (ಮಕ್ಕಳಿಗೆ ಉಡುಗೊರೆ ತರುವ ಬಾಲಯೇಸು) ವೇಷದ ಹುಡುಗಿ ಚರ್ಚಿನ ಮೇಲ್ಗಡೆಯಿಂದ ಪದ್ಯ ಓದಿ ತೆರೆಯುತ್ತಾಳೆ. ಎರಡು ವರ್ಷಕ್ಕೊಮ್ಮೆ ಊರಿನವರು ಆರಿಸುತ್ತಾರೆ. 2019ರಲ್ಲಿ ಆಯ್ಕೆಯಾದ ಹುಡುಗಿಯ ತಂದೆ ಭಾರತದವರು. ಕೆಲವರು ಅವಳ ಬಗ್ಗೆ ಕೆಟ್ಟದಾಗಿ ಬರೆದಾಗ ಊರಿಗೆ ಊರೇ ಅವಳ ಪರ ನಿಂತಿತು.

ನನ್ನ ಮನಸ್ಸಿಗೆ ಹತ್ತಿರವಾದದ್ದು ಚೆಕ್ ಗಡಿಯ ಎರ್ಟ್ಸ್‌ಗೆಬಿರ್ಗೆ ಬೆಟ್ಟಗಳು. ಅಲ್ಲಿ ಗಣಿ ಕೆಲಸದವರು ಚಳಿಗಾಲದಲ್ಲಿ ಕತ್ತಲಲ್ಲೇ ಗಣಿಗಿಳಿದು, ಕತ್ತಲಲ್ಲೇ ಮನೆಗೆ ಬರುತ್ತಿದ್ದರು. ಬೆಳಕಿನ ಹಂಬಲ ಅವರಿಗೆ ಜಾಸ್ತಿ. ಇಂದಿಗೂ ಡಿಸೆಂಬರ್‌ನಲ್ಲಿ ಕಿಟಕಿ ಕಿಟಕಿಗೂ ಕಮಾನಿನಾಕಾರದ ದೀಪ ಇಡುತ್ತಾರೆ. ಗಣಿ ಬತ್ತಿದ ಮೇಲೆ ಜನ ಮರದ ಗೊಂಬೆ ಮಾಡಲು ಹಿಡಿದರು. ಜೈಫೆನ್ ಊರು ಅದಕ್ಕೇ ಹೆಸರುವಾಸಿ. ಚನ್ನಪಟ್ಟಣದವರು ಬಂದರೆ ಅಲ್ಲಿಂದ ಹೊರಡುವುದೇ ಇಲ್ಲ.

ಹಬೆಯಾಡುವ ವೈನ್ ಕೊಡುವ ಪಿಂಗಾಣಿ ಲೋಟಕ್ಕೆ ಠೇವಣಿ ಹಿಡಿಯುತ್ತಾರೆ. ಲೋಟ ವಾಪಸ್ ಕೊಟ್ಟರೆ ದುಡ್ಡು ವಾಪಸ್, ಬೇಕಾದರೆ ಲೋಟ ಮನೆಗೆ. ಮದ್ಯವಿಲ್ಲದ ಬಿಸಿ ಪಾನಕಕ್ಕೆ "ಕಿಂಡರ್‌ಪುನ್ಶ್" ಅಂತ ಕೇಳಿ. ಬಹಳ ಸಂತೆಗಳು ಡಿಸೆಂಬರ್ 23 ಅಥವಾ 24ಕ್ಕೇ ಮುಗಿಯುತ್ತವೆ. 26ಕ್ಕೆ ನೋಡೋಣ ಅಂದುಕೊಂಡರೆ ಕೆಡವಿದ ಮಳಿಗೆ ಕಾಣುತ್ತವೆ.

ಡಿಸೆಂಬರ್ 24ಕ್ಕೆ ಏನು ನಡೆಯುತ್ತದೆ?

ಬೀದಿಯಲ್ಲಿ ಏನೂ ಇಲ್ಲ. ಅಂಗಡಿಗಳು ಮಧ್ಯಾಹ್ನ 2ರೊಳಗೆ ಮುಚ್ಚುತ್ತವೆ. 25, 26 ಎರಡೂ ದಿನ ರಜೆ. ಮೊದಲ ವರ್ಷ ನಮಗೆ ಇದು ಗೊತ್ತಿರಲಿಲ್ಲ. ಸಂಜೆ ಹಾಲು ತರಲು ಹೋದರೆ ಊರೇ ನಿದ್ದೆ ಹೋದಂತಿತ್ತು. ಮೂರು ದಿನ ಅನ್ನ, ತಿಳಿಸಾರು, ಉಪ್ಪಿನಕಾಯಿಯಲ್ಲಿ ಕಳೆದೆವು. ನೀವು 22ಕ್ಕೇ ಸಾಮಾನು ತಂದಿಡಿ.

ಇಲ್ಲಿ ಉಡುಗೊರೆ ಕೊಡುವುದು 24ರ ಸಂಜೆ. ಎಷ್ಟೋ ಮನೆಗಳಲ್ಲಿ ಆ ರಾತ್ರಿ ಊಟಕ್ಕೆ ಆಲೂಗಡ್ಡೆ ಸಲಾಡ್ ಮತ್ತು ಸಾಸೇಜ್ ಅಷ್ಟೇ, ದೊಡ್ಡ ಅಡುಗೆ ಮರುದಿನ. ಯಾರಾದರೂ ಆ ಸಂಜೆಗೆ ನಿಮ್ಮನ್ನು ಮನೆಗೆ ಕರೆದರೆ ಅದು ದೊಡ್ಡ ಮಾತು. ಬೇರೆ ಏನಿದ್ದರೂ ಬಿಟ್ಟು ಹೋಗಿ.

ನಾವು ಕ್ರೈಸ್ತರಲ್ಲ. ಚರ್ಚಿನ ಕಾರ್ಯಕ್ರಮಕ್ಕೆ ಹೋಗಬಹುದಾ?

ಹೋಗಬಹುದು. ಹಿಂದೆ ಕೂತು, ಅವರು ಎದ್ದಾಗ ಎದ್ದರೆ ಸಾಕು. ಕ್ಯಾಥೊಲಿಕ್ ಚರ್ಚಿನಲ್ಲಿ ಪ್ರಸಾದದ ರೊಟ್ಟಿ ತೆಗೆದುಕೊಳ್ಳಲು ಸಾಲಿನಲ್ಲಿ ಹೋಗಬೇಡಿ, ಅದು ಅವರ ದೀಕ್ಷೆ ಪಡೆದವರಿಗೆ.

ಅಕ್ಟೋಬರ್ 3 ಯಾವ ಹಬ್ಬ?

1990ರಲ್ಲಿ ಪೂರ್ವ, ಪಶ್ಚಿಮ ಜರ್ಮನಿ ಒಂದಾದ ದಿನ. ಬರ್ಲಿನ್ ಗೋಡೆ ಬಿದ್ದ ನವೆಂಬರ್ 9 ಯಾಕಲ್ಲ ಅಂತ ಕೇಳುತ್ತಾರೆ. 1938ರಲ್ಲಿ ಅದೇ ದಿನ ರಾತ್ರಿ ನಾಜಿಗಳು ದೇಶದ ತುಂಬ ಯಹೂದಿಗಳ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಮಾಡಿ ಬೆಂಕಿ ಇಟ್ಟರು. ಆ ದಿನ ಸಂಭ್ರಮ ಸಲ್ಲದು. ನವೆಂಬರ್ 9ರ ಸಂಜೆ ಪಾದಚಾರಿ ದಾರಿಯಲ್ಲಿ ಹುದುಗಿಸಿದ ಪುಟ್ಟ ಹಿತ್ತಾಳೆ ಕಲ್ಲುಗಳ ಪಕ್ಕ ಮೇಣದ ಬತ್ತಿ ಕಂಡರೆ ನಿಂತು ಓದಿ. ನಾಜಿಗಳು ಆ ಮನೆಯಿಂದ ಎಳೆದೊಯ್ದ ಜನರ ಹೆಸರುಗಳು ಅವು.

ಹಲವು ವರ್ಷಕ್ಕೊಮ್ಮೆ ಬರುವ ಹಬ್ಬಗಳಿವೆಯಾ?

ಎರಡು ಹೇಳುತ್ತೇನೆ. 1475ರ ರಾಜಮದುವೆಯನ್ನು ಊರಿನವರೇ ವೇಷ ಹಾಕಿ ಮತ್ತೆ ನಡೆಸುವ ಲಾಂಡ್ಸ್‌ಹೂಟ್ ಮದುವೆ, ನಾಲ್ಕು ವರ್ಷಕ್ಕೊಮ್ಮೆ, ಮುಂದಿನದು 2027ರಲ್ಲಿ. ಇನ್ನೊಂದು ಒಬರ್‌ಅಮ್ಮರ್‌ಗೌ ಹಳ್ಳಿಯ ಏಸುವಿನ ನಾಟಕ. 1633ರಲ್ಲಿ ಪ್ಲೇಗ್ ಬಂದಾಗ ಹೊತ್ತ ಹರಕೆ, ಹತ್ತು ವರ್ಷಕ್ಕೊಮ್ಮೆ ತೀರಿಸುತ್ತಾರೆ. ಮುಂದಿನದು 2030ರಲ್ಲಿ. ಪಾತ್ರ ಮಾಡುವವರು ಆ ಹಳ್ಳಿಯಲ್ಲಿ ಹುಟ್ಟಿರಬೇಕು ಅಥವಾ 20 ವರ್ಷ ಬಾಳಿರಬೇಕು. ವರ್ಷ ಮುಂಚಿನಿಂದಲೇ ಗಂಡಸರು ಗಡ್ಡ, ಕೂದಲು ಬಿಡುತ್ತಾರೆ.

ಕನ್ನಡದವರು ನೋಡಲೇಬೇಕಾದ ಜಾಗ?

ಟ್ಯೂಬಿಂಗನ್. ನಮ್ಮ ಕನ್ನಡ ನಿಘಂಟನ್ನು 1894ರಲ್ಲಿ ಕೊಟ್ಟ ಕಿಟ್ಟೆಲ್ ಅವರು 1903ರಲ್ಲಿ ತೀರಿಕೊಂಡಿದ್ದು ಇದೇ ಊರಿನಲ್ಲಿ. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಅಲ್ಲಿ ಚಾಕೊಲೇಟ್ ಹಬ್ಬ ನಡೆಯುತ್ತದೆ, ಎರಡನ್ನೂ ಸೇರಿಸಿಕೊಳ್ಳಿ. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತಂದ ಮೊಗ್ಲಿಂಗ್ ಹುಟ್ಟೂರು ಬ್ರಾಕೆನ್‌ಹೈಮ್ ಕೂಡ ದೂರವಿಲ್ಲ. ದ್ರಾಕ್ಷಿ ತೋಟಗಳ ಊರು.

ಹುಟ್ಟುಹಬ್ಬಕ್ಕೆ ಮುಂಚೆಯೇ ಶುಭಾಶಯ ಹೇಳಬಹುದಾ?

ಬೇಡವೇ ಬೇಡ. ಅಪಶಕುನ ಅನ್ನುತ್ತಾರೆ. ಆ ದಿನವೇ ಹೇಳಿ, ತಡವಾದರೂ ಪರವಾಗಿಲ್ಲ. ಆಫೀಸಿನಲ್ಲಿ ಕೇಕ್ ತರಬೇಕಾದವರು ಹುಟ್ಟುಹಬ್ಬದವರೇ.

ನಮ್ಮ ದೀಪಾವಳಿಗೆ ಅಕ್ಕಪಕ್ಕದವರನ್ನು ಕರೆಯಬಹುದಾ?

ಕರೆಯಿರಿ. ಮೂರು ವಾರ ಮುಂಚೆ ಹೇಳಿ, ಶುರುವಾಗುವ ಹೊತ್ತು ಬರೆದು ಕೊಡಿ. ಆರು ಅಂದರೆ ಆರಕ್ಕೆ ಬಾಗಿಲು ತಟ್ಟುತ್ತಾರೆ, ಅಷ್ಟೊತ್ತಿಗೆ ಅಡುಗೆ ಮುಗಿದಿರಲಿ. ರಾತ್ರಿ 10ರ ನಂತರ ಸದ್ದು ಕಡಿಮೆ ಮಾಡಬೇಕು. ಪಟಾಕಿ ಬೇಡ, ವರ್ಷದ ಕೊನೆಯ ರಾತ್ರಿ ಮತ್ತು ಜನವರಿ 1 ಬಿಟ್ಟು ಉಳಿದ ದಿನ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಸುರುಸುರುಬತ್ತಿ ಪರವಾಗಿಲ್ಲ. ಮಕ್ಕಳಿದ್ದರೆ ಅವರ ಲಾಟೀನೂ ತರಲು ಹೇಳಿ. ಆ ಹೊತ್ತಿಗೆ ಮಾಡಿ ಇಟ್ಟಿರುವುದು ಉಂಟು. ಹೋದ ಸಲ ನಮ್ಮ ಬಾಲ್ಕನಿಯಲ್ಲಿ ಹಣತೆಗಳ ಸಾಲಿನ ಕೊನೆಗೆ ಒಂದು ನರಿ, ಎರಡು ಗೂಬೆ, ಮತ್ತೆ ಆ ಒಂದು ಕಣ್ಣು ಚಿಕ್ಕದಾದ ಮುಳ್ಳುಹಂದಿ ಉರಿಯುತ್ತಿದ್ದವು.